ಆರುನೂರ ನಲವತ್ತು

ಬಾ ಐಗನಿಮ್, ಕೈಗವಸು ಎರಡು ಜೊತೆ ಹಾಕಿಕೋ.
ಉಂಗುರ ಅಲ್ಲೇ ಬಿಚ್ಚಿಡು, ಹೆದರಬೇಡ,
ಕುರ್ಚಾತೊವ್‌ನಲ್ಲಿ ಕದಿಯುವಷ್ಟು ಜನ
ಎಲ್ಲಿ ಉಳಿದಿದ್ದಾರೆ.

ಇದು ಕಿಟಕಿ. ಮೊಳದಷ್ಟು ದಪ್ಪ, ಸೀಸ ಬೆರೆತ ಗಾಜು.
ನಾನು ಕೆಲಸಕ್ಕೆ ಸೇರಿದಾಗ ಇರ್ತಿಶ್ ನದಿಯ
ಮೊದಲ ಹಿಮದ ಹಾಗಿತ್ತು,
ಈಗ ನೋಡು, ಹಾಲು ಹಾಕದ ಚಹಾ.
ಆ ಕಡೆಯಿಂದ ಬರುವುದನ್ನು
ಈ ಕಡೆಯ ನಮಗೆ ತಾಗಗೊಡದೆ
ತಾನೇ ನುಂಗಿ ನುಂಗಿ ಕಂದಿದೆ.
ಕಾಯುವವರ ಬಣ್ಣ ಹೋಗುವುದೇ ಹೀಗೆ
ಎನ್ನಲು ಬಾಯಿ ತೆರೆದೆ. ಬೇಡ,
ಗೋಡೆಗೆ ಅಂಟಿಸುವ ಮಾತಾಯಿತು ಅದು.
ಬಿಸಿ ಮಾಡಿದರೆ ಮತ್ತೆ ತಿಳಿಯಾಗುತ್ತದಂತೆ.
ಆದರೆ ಬಿಚ್ಚಬೇಕಲ್ಲ,
ಬಿಚ್ಚಿದಷ್ಟು ದಿನ ನಡುವೆ ಏನಿಡುವುದು?

ಯಂತ್ರದ ಕೈ ಹಿಡಿ. ಮೊಟ್ಟೆ ಎತ್ತುವಂತಲ್ಲ,
ನಿದ್ದೆಹೋದ ಮಗುವಿನ ಮುಷ್ಟಿಯಿಂದ
ಆಟಿಕೆ ಬಿಡಿಸುವಂತೆ.

ಆ ಬಿಳಿ ಬಿಲ್ಲೆ ಅಲ್ಯುಮಿನಾ, ಪಿಂಗಾಣಿಯ ನೆಂಟ.
ಒಳಗಿನ ಕಣ ಒಂದೊಂದೂ
ತನಗೆ ತೋಚಿದ ದಿಕ್ಕಿಗೆ ಉಬ್ಬಿ
ಪಕ್ಕದ್ದನ್ನು ನೂಕಿದೆ.
ಹೊರಗೆ ಹೊಸ ತಟ್ಟೆಯ ಹೊಳಪು,
ಒಳಗೆ ಎಲ್ಲ ಗಡಿಗಳೂ ಬಿರಿದಿವೆ.
ತಟ್ಟಿ ನೋಡಿದರೆ ಸದ್ದು ಒಡಕು;
ಇಲ್ಲಿ ಬರಿಗೈಯಲ್ಲಿ ತಟ್ಟುವವರಿಲ್ಲ.

ನಮಗೆ ಬೇಕಾದದ್ದು ಆ ಕರಿಯ ಕಡ್ಡಿ.
ಸಿಲಿಕಾನ್ ಕಾರ್ಬೈಡ್, ಬೆರಳ ಗೆಣ್ಣಿನುದ್ದ.
ಉಷ್ಣಮಾಪಕ ಬದುಕದ ಕಡೆ
ಇದನ್ನು ಸಾಕ್ಷಿಗೆಂದು ಕಳಿಸುತ್ತೇವೆ.
ನ್ಯೂಟ್ರಾನು ಬಂದು ಗುದ್ದುತ್ತದೆ,
ದಸ್ತರಖಾನದ ಸುತ್ತ ನೆಮ್ಮದಿಯಾಗಿ ಕೂತ ಪರಮಾಣು
ತನ್ನ ಜಾಗ ಬಿಟ್ಟು ಇಬ್ಬರ ನಡುವೆ ತುರುಕಿಕೊಳ್ಳುತ್ತದೆ.
ಎದ್ದ ಜಾಗ ಖಾಲಿ, ಕೂತ ಜಾಗ ಇಕ್ಕಟ್ಟು.
ಕಡ್ಡಿ ಒಂದು ಕೂದಲೆಳೆಯಷ್ಟು ಉದ್ದವಾಗುತ್ತದೆ.

ಈಗ ಕುಲುಮೆ. ಇಪ್ಪತ್ತು ಡಿಗ್ರಿ ಏರಿಸು,
ಅರ್ಧ ಗಂಟೆ ಕಾಯು, ಆರಿಸು, ಅಳೆ.
ಮತ್ತೆ ಇಪ್ಪತ್ತು. ಏನೂ ಇಲ್ಲ.
ನಿನ್ನೆಯಿಡೀ ಏನೂ ಇಲ್ಲ.
ತಾನು ಅಲ್ಲಿ ಬೆಂದ ಬಿಸಿಯನ್ನು
ಇಲ್ಲಿ ನಾವು ದಾಟುವ ತನಕ
ಈ ಕಡ್ಡಿ ಬಾಯಿ ಬಿಡುವುದಿಲ್ಲ.

ನನ್ನಮ್ಮನ ಹತ್ತಿರ ಒಂದು ಬಟ್ಟಲಿತ್ತು,
ಒಡೆದು, ಹಿತ್ತಾಳೆಯ ಹೊಲಿಗೆ ಹಾಕಿಸಿದ್ದು.
ಏಳು ಹೊಲಿಗೆ. ಒಂದು ಹನಿ ಸೋರುತ್ತಿರಲಿಲ್ಲ.
ಹೇಗೆ ಒಡೆಯಿತೆಂದರೆ
'ಗೋಡೆ ನಡುಗಿತು' ಎನ್ನುವಳು,
ಯಾಕೆ ನಡುಗಿತೆಂದರೆ
ಹಿಟ್ಟು ನಾದಲು ಎದ್ದುಹೋಗುವಳು.
ವರ್ಷಕ್ಕೊಮ್ಮೆ ಬಿಳಿ ಕೋಟಿನವರು ಬಂದು
ರಕ್ತ ತೆಗೆದು, ಬಿಸ್ಕತ್ತು ಕೊಟ್ಟು,
ಹೇಳದೆ ಹೋಗುತ್ತಿದ್ದರು. ಅವಳೂ ಹೇಳಲಿಲ್ಲ.

ಅವಳ ಎಪ್ಪತ್ತೊಂದನೆಯ ಚಳಿಗಾಲ,
ಹಬೆಮನೆಯಲ್ಲಿ ಬೆನ್ನು ಉಜ್ಜುತ್ತಿದ್ದೆ.
ಕಲ್ಲಿಗೆ ಇನ್ನೊಂದು ಚೊಂಬು ಹಾಕು, ಎಂದಳು.
ಹಾಕಿದೆ. ಇನ್ನೊಂದು.
ನನಗೇ ಉಸಿರು ಕಟ್ಟುತ್ತಿತ್ತು. ಇನ್ನೊಂದು, ಎಂದಳು.
ಆಮೇಲೆ, ಯಾರಿಗೋ ಎಂಬಂತೆ:

'ಹಳ್ಳದಲ್ಲಿ ಬೋರಲು ಮಲಗಿಸಿದರು,
ಮೇಲೆ ಉಣ್ಣೆಯ ಜಮಖಾನ ಹೊದಿಸಿದರು.
ಅಷ್ಟೇ ಇದ್ದದ್ದು ನಮ್ಮ ಮೇಲೆ, ಕುರಿಯ ಉಣ್ಣೆ.
ನಾನು ಅಂಚು ಎತ್ತಿದೆ.
ನಾಯಿಯನ್ನು ಒಳಗೆ ಬಿಟ್ಟಿರಲಿಲ್ಲ.
ಅದು ದಿಣ್ಣೆಯ ಮೇಲೆ ನಿಂತಿತ್ತು,
ಅದಕ್ಕೆ ಎರಡು ನೆರಳಿದ್ದವು.'

ಅಷ್ಟೇ. ಬೆನ್ನು ಎಡಗಡೆ ಇನ್ನೂ ಉಳಿದಿದೆ, ಎಂದಳು.

ಐಗನಿಮ್, ಅಳತೆ ಓದು.
ಇನ್ನೊಮ್ಮೆ ಓದು, ಕಣ್ಣು ನೇರಕ್ಕೆ ಇಟ್ಟು.
ಕುಗ್ಗಿದೆಯಲ್ಲವೆ?
ಕೂದಲೆಳೆಯ ಇಪ್ಪತ್ತರಲ್ಲೊಂದು ಪಾಲು.
ಬರೆದುಕೋ: ಮಾದರಿ ಹದಿನೇಳು,
ಆರುನೂರ ನಲವತ್ತು ಡಿಗ್ರಿ,
ಇಪ್ಪತ್ತು ಹೆಚ್ಚುಕಡಿಮೆ.
ಹೆಚ್ಚುಕಡಿಮೆಯನ್ನೂ ಬರೆ, ಬಿಡಬೇಡ.
ಇಂದಿಗೆ ಸಾಕು, ಕುಲುಮೆ ಆರಲಿ.
ಉಂಗುರ ಮರೆಯಬೇಡ.