ಎರಡನೇ ಸಲ ಕಿವಿ ಚುಚ್ಚಿದಾಗ

ಮೊದಲನೇ ಸಲ ನನಗ ಹನ್ನೊಂದು ತಿಂಗಳಂತ.
ಬೆಟಗೇರಿ ಪತ್ತಾರ ಮೌನೇಶಪ್ಪ
ಬಂಗಾರದ ತಂತಿ ತುದಿ ಚೂಪು ಮಾಡಿ,
ಸೋದರಮಾವನ ತೊಡಿ ಮ್ಯಾಲ ಕುಂದರಿಸಿ,
"ಅಕಾ ನೋಡು, ಕಾಗಿ" ಅನ್ನೂದರಾಗ ಚುಚ್ಚಿದ್ನಂತ.
ಬಾಯಾಗ ಬೆಲ್ಲ ಇಟ್ಟಿದ್ರಂತ.
ನನಗ ನೆನಪಿಲ್ಲ. ತೂತು ನೆನಪಿಟ್ಟೈತಿ.

ಈ ಸಲ ಮಾವನೂ ಇಲ್ಲ, ಬೆಲ್ಲಾನೂ ಇಲ್ಲ.
ಎರಡು ಪುಟದ ಒಪ್ಪಿಗಿ ಪತ್ರ ಐತಿ:
"ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು."
ಓದಿ ನಕ್ವಿ.
ನಮ್ಮ ನರ್ಸಿಂಗ್ ಕಾಲೇಜಿನ್ಯಾಗ
ಹಂಗ ಬರದಿರೋ ಕಾಗದ ಇದೊಂದ.

ವಿದ್ಯಾರ್ಥಿಗಳ ಒತ್ತಡಕ್ಕ ಕಿವಿ ಸೂಜಿ,
ಕುಸುಗಲ್ಲ ಮೇಡಂ ಅವರ ಸಂಶೋಧನೆ.
ಒಂದರಿಂದ ಹತ್ತರೊಳಗ ನಿಮ್ಮದೆಷ್ಟು?
ಏಳು ಬರದೆ. ಎಂಟು ಬರದ್ರ
ಮನಿಗೆ ಫೋನ್ ಮಾಡ್ತಾರೇನೋ ಅಂತ ಅಂಜಿ.
ರುಬೀನಾ ನದಾಫ ಪೆನ್ನು ಕಚ್ಚಿ,
"ಹನ್ನೊಂದಕ್ಕ ಜಾಗಾನ ಇಲ್ಲಲ್ರಿ" ಅಂದ್ಲು.

ಸ್ಟೀಲಿನ ಕಿಡ್ನಿ ಟ್ರೇದಾಗಿಂದ ಚೀಟಿ ಎತ್ತಿದ್ವಿ.
ನನಗ ಸೂಜಿ.
ರುಬೀನಾಗ ಬರೇ ಕುಂದ್ರೂದು.
"ಸವಣೂರಿಂದ ಇಲ್ಲೀತನಕ ನನ್ನ ನಸೀಬ ಹಿಂಗ,
ಖಾಲಿ ಚೀಟಿ" ಅಂತ ಮಾರಿ ಸಣ್ಣದು ಮಾಡಿದ್ಲು.

ಗ್ವಾಡಿ ಮ್ಯಾಲ ಕಿವಿದೊಂದು ದೊಡ್ಡ ಚಿತ್ರ.
ಕಿವಿ ಅಂದ್ರ, ಅಂದ್ರು ಮೇಡಂ,
ಹೊಟ್ಟ್ಯಾಗ ತಲಿಕೆಳಗಾಗಿ ಮಲಗಿದ ಕೂಸು.
ಕೆಳಗ ತಲಿ, ಇದು ಬೆನ್ನು, ಮ್ಯಾಲ ಕಾಲು.

ಹೋದ ವಾರ ಹೆರಿಗಿ ವಾರ್ಡಿನ್ಯಾಗ
ಹಂಗ ಮಡಚಿಕೊಂಡಿದ್ದೊಂದನ್ನ
ಈ ಕೈಯಾಗ ಹಿಡಿದಿದ್ದೆ.
ತೂಕ ಬರದಿದ್ದೆ, ಎರಡು ಕಿಲೋ ನೂರು.
ಬೆನ್ನು ತಿಕ್ಕಿದ್ವಿ, ಅಂಗಾಲಿಗೆ ಬಡದ್ವಿ.
ಅಳಲಿಲ್ಲ.
ಅವತ್ತಿಂದ ನನ್ನ ಕಿವಿಯಾಗ
ಅಳದ ಆ ಅಳು.
ಪ್ರಶ್ನೆಪತ್ರಿಕೆಯಾಗ ಅದಕ್ಕ ಚೌಕ ಇರಲಿಲ್ಲ.

ಸ್ಪಿರಿಟ್ ಹತ್ತಿ ತಣ್ಣಗ ಮುಟ್ಟಿತು.
"ಏನಿಲ್ರೀ, ಇರಿವಿ ಕಡಿದಂಗ" ಅಂತ
ಎರಡು ವರ್ಷದಾಗ ಎಷ್ಟು ಮಂದಿಗೆ ಹೇಳೇನಿ.
ಸುಳ್ಳು.
ಇರಿವಿ ಅಲ್ಲ, ಕಿಡಿ. ಬಿದ್ದು ಆರತೈತಿ.
ಒಂದು. ಎರಡು.
ಮೂರನೇದಕ್ಕ ಕಿವಿ ಬಿಸಿ ಏರಿತು.
ಹದಿಮೂರರ ಮಗ್ಗಿ ತಪ್ಪಿದಾಗ
ಅಂಗಡಿ ಮಾಸ್ತರು ಹಿಂಡಿದ್ರಲ್ಲ, ಅಷ್ಟ ಬಿಸಿ.
ನಾಕು.
ಐದು.

ಇಪ್ಪತ್ತು ನಿಮಿಷ ಮಾತು ಬ್ಯಾಡ, ಮೊಬೈಲ್ ಬ್ಯಾಡ.
ಫ್ಯಾನಿನ ಕಿರಕಿರಿ,
ಮುಳಗುಂದ ನಾಕಾದ ಕಡಿಂದ ಬಸ್ಸಿನ ಹಾರ್ನು,
ಗೇಟಿನ ಹೊರಗ ಮಿರ್ಚಿ ಎಣ್ಣಿಗೆ ಬಿದ್ದ ಸಪ್ಪಳ.
ಅಲ್ಲಿಂದ ಕಿವಿ ತಾನ ಎದ್ದು ಬೆಟಗೇರಿಗೆ ಹೋತು.
ಅವ್ವನ ಮಗ್ಗ.
ಲಾಳಿ ಈ ಕಡಿಂದ ಆ ಕಡಿ, ಆ ಕಡಿಂದ ಈ ಕಡಿ,
ನಡುವ ಒಮ್ಮಿ ಗಪ್.
ಎಳಿ ಹರದೈತಿ ಅಂತ ಅರ್ಥ.
ಉಗುಳು ಹಚ್ಚಿ, ಹೊಸದು ಗಂಟು ಹಾಕತಾಳ.
ಸಣ್ಣಾಕಿದ್ದಾಗ ಮಗ್ಗದ ಸಪ್ಪಳಕ್ಕ ಎಂದೂ ಎಚ್ಚರಾಗಿಲ್ಲ,
ಅದು ನಿಂತಾಗ ಆಗತಿತ್ತು.

ಎಡಕ್ಕ ಗೊರಕಿ!
ಸೂಜಿ ಇಲ್ಲದಾಕಿ, ರುಬೀನಾ,
ಬಾಯಿ ತಗದು, ಓಡ್ನಿ ಜಾರಿ,
ಮೂರು ರಾತ್ರಿ ಪಾಳಿಯ ನಿದ್ದಿ.
ಇಪ್ಪತ್ತು ನಿಮಿಷ ಅಕಿನ್ನ ಯಾರೂ "ಸಿಸ್ಟರ್" ಅಂದಿಲ್ಲ,
ಯಾವ ಸಲಾಯಿನ್ನೂ ಮುಗದಿಲ್ಲ.
ಮೇಡಂ ಅಕಿ ಕಡೆ ನೋಡಿದ್ರು.
ವಹಿಯಾಗ ಏನೋ ಬರದ್ರು. ಕಾಟು ಹೊಡದ್ರು.
ಮತ್ತ ಬರದ್ರು.

ಸೂಜಿ ತಗದ್ರ ಹತ್ತಿ ಮ್ಯಾಲ ಸಾಸಿವಿಯಷ್ಟು ಕೆಂಪು.
ಮತ್ತದ ಪ್ರಶ್ನೆ: ಈಗ ಎಷ್ಟು?
ಐದು ಬರದೆ.
ಸೂಜಿಗೋ, ಮಗ್ಗಕ್ಕೋ, ಗೊರಕಿಗೋ, ದೇವರ ಬಲ್ಲ.
ರುಬೀನಾ ಕಣ್ಣು ತಿಕ್ಕೊಂತ ಎರಡು ಬರದ್ಲು:
"ಮೇಡಂ, ನಾಳೆನೂ ಖಾಲಿ ಚೀಟಿನ ಕೊಡ್ರಿ."

ಎರಡಕ್ಕ ಡ್ಯೂಟಿ. ಮೆಟ್ಟಲ ಇಳಿಯೂವಾಗ
ಹೆರಿಗಿ ವಾರ್ಡಿನ ಬಾಗಲದಾಗ
ಯಾವುದೋ ಒಂದು ಹೊಸದು
ಓಣಿ ಎಲ್ಲಾ ಕೇಳೂವಂಗ ಚೀರಾಕತ್ತಿತ್ತು.
ಕಿವಿ ಇನ್ನೂ ಬೆಚ್ಚಗಿತ್ತು ನನ್ನದು.
"ಯಾಕ ನಿಂತ್ಯವಾ, ಹೊತ್ತಾತು" ಅಂದ್ಲು ಆಯಾ ಚೆನ್ನವ್ವ.
"ಕೇಳಾಕತ್ತೇನಿ" ಅಂದೆ.