ಕೊನೆಯವರ ಹಿಂದೆ

ಶನಿವಾರ ಒಂಬತ್ತಕ್ಕೆ ಪ್ರೆಸ್ಟನ್ನಿನ ಪಾರ್ಕಿನಲ್ಲಿ
ಸೀಟಿಯಿಲ್ಲ, ಪಿಸ್ತೂಲಿಲ್ಲ,
‘ಹೂಂ, ಹೊರಡಿ’ ಅಂದಳು ಬೆರಿಲ್, ಅಷ್ಟೆ.
ಮುನ್ನೂರು ಜನ ಮಂಜಿನೊಳಕ್ಕೆ ಸುರಿದುಹೋದರು:
ಕೂಸಿನ ಗಾಡಿ ತಳ್ಳುವವರು, ನಾಯಿ ಎಳೆದತ್ತ ಓಡುವವರು,
ನಿನ್ನೆ ರಾತ್ರಿಯ ಬಿಯರು ಬೆವರುವವರು.

ನನಗಿವತ್ತು ಬೇರೆ ಕೆಲಸ.
ಮೈಮೇಲೆ ಹಳದಿ ಜಾಕೀಟು,
ಬೆನ್ನಿಗೆ ‘ಬಾಲ’ ಅಂತ ಬರಹ.
ಯಾರೂ ಕೊನೆಯವರಾಗದಂತೆ
ನಾನು ಕೊನೆಯವಳಾಗಬೇಕು.

ನನಗೆ ಬರುವ ವಿದ್ಯೆಯೇ ಬಿಡಿ.
ಏಳನೇ ಕ್ಲಾಸು, ದಾವಣಗೆರೆಯ ಬಿಸಿಲು,
ನಾನು ಮುಟ್ಟುವ ಹೊತ್ತಿಗೆ
ಸುಣ್ಣದ ಗೆರೆ ತುಳಿದಳಿಸಿ
ಖೋಖೋ ಕಂಬ ನೆಡುತ್ತಿದ್ದರು.
‘ಸರಿಯಮ್ಮ ಆ ಕಡೆ’ ಅಂದಿದ್ದರು ಪಿ.ಟಿ. ಮೇಷ್ಟ್ರು.

ಎಂಟ್ವಿಸಲ್ ಅಜ್ಜ ನನಗಿಂತ ನಾಲ್ಕು ಹೆಜ್ಜೆ ಮುಂದೆ.
ಹೊಸ ಸೊಂಟದ ಕೀಲು, ಹಳೇ ಬೂಟು,
ಮೂವತ್ತೊಂದು ವರ್ಷ ರಾತ್ರಿಯ ಕಡೇ ಬಸ್ಸು ಓಡಿಸಿದವನು.
ರಿಬ್ಬಲ್ ಹೊಳೆಯ ಕಟಾಂಜನ ಹಿಡಿದು
ಉಸಿರು ಹುಡುಕುತ್ತಾನೆ.
ನಾನೂ ಬಗ್ಗಿ, ಬಿಗಿಯಾಗೇ ಇದ್ದ ಲೇಸು ಬಿಚ್ಚಿ
ಮತ್ತೆ ಕಟ್ಟುತ್ತೇನೆ.
‘ನನಗೋಸ್ಕರ ನಿಲ್ಲಬೇಡ.’
‘ನಿನಗಲ್ಲ ಅಜ್ಜಾ, ಲೇಸಿಗೆ.’
ನಕ್ಕ: ‘ನಾನೂ ಹಂಗೇ.
ದೂರದಲ್ಲಿ ಯಾರಾದರೂ ಓಡಿ ಬರೋದು ಕಂಡರೆ
ಕನ್ನಡಿ ಒರೆಸ್ತಾ ಕೂತಿರ್ತಿದ್ದೆ.’

ಗಂಟೆಯಾಗಲು ಎರಡೇ ನಿಮಿಷ.
ಗೆರೆ ಇದ್ದಲ್ಲೇ ಇದೆ.
ಬೆರಿಲ್‌ಳ ಚಹಾ ಆರಿ ಕೆನೆಗಟ್ಟಿದೆ,
ಕೈಯಲ್ಲಿ ಉಳಿದ ಟೋಕನ್ನು ಎರಡು.
ಮೊದಲನೆಯದು ಅಜ್ಜನಿಗೆ.

ತಡೀರಿ ಮೇಷ್ಟ್ರೇ,
ಕಂಬ ಆಮೇಲೆ ನೆಡಬಹುದು.