ಉಲ್ಟಾ ಹನ್ನೆರಡು

ಮುನ್ನೂರು ಕವರು.
ಸುಲ್ತಾನ್‌ಪೇಟೆಯ ಪ್ರೆಸ್ಸಿನ ಮಹಡಿಯಲ್ಲಿ
ಕಟಿಂಗ್ ಮಿಷನ್ನಿಗೂ ಕಿಟಕಿಗೂ ನಡುವೆ ಕೂತು
ನಾನೂ ನಾಗವೇಣಿಯೂ ಮೂರು ದಿನ ಅಂಟಿಸಿದ್ದು.
ಲಗ್ನಪತ್ರಿಕೆಯ ಸೀಜನ್ನು ಮುಗಿದಿತ್ತು,
ಕ್ಯಾಲೆಂಡರಿಗೆ ಇನ್ನೂ ತಿಂಗಳಿತ್ತು.
ಒಂದಡಿಗೆ ಒಂದಡಿ, ದಪ್ಪ ರಟ್ಟು.
ಇದರೊಳಗೆ ಏನು ಹಾಕ್ತಾರೆ ಸಾರ್, ಅಂದೆ.
ಹಾಡು, ಅಂದರು ಸಾಹುಕಾರರು. ತಟ್ಟೆ ಹಾಡು.
ನಾಗವೇಣಿಗೆ ನಗು. ಈಗಲೂ ಯಾರಾದರೂ ತಟ್ಟೆ ತಿರುಗಿಸ್ತಾರಾ?

ಮುಂದಿನ ಹಾಳೆಯಲ್ಲಿ
ಮುಚ್ಚಿದ ರೈಲ್ವೆ ಗೇಟು, ನಾಲ್ಕು ಜನ.
ಒಬ್ಬಳು ಹೆಂಗಸು, ಗಂಡಸರ ಟೋಪಿ ಹಾಕಿಕೊಂಡು.
ಒಬ್ಬ ಗಿಟಾರನ್ನು ಮೊರದ ಹಾಗೆ
ತೊಡೆ ಮೇಲೆ ಮಲಗಿಸಿಕೊಂಡಿದ್ದ,
ಅಕ್ಕಿಯಲ್ಲಿ ಕಲ್ಲು ಹುಡುಕುವ ಮುಖ.
ಮೇಲೆ ಕೆಂಪಕ್ಷರ. ಕೂಡಿಸಿ ಓದಿದೆ: ಗುಡ್ಸ್‌ಶೆಡ್.
ಅದು ರಸ್ತೆಯ ಹೆಸರಲ್ಲವಾ, ಅಂದಳು ನಾಗವೇಣಿ.
ಪಾರ್ಟಿಯ ಹೆಸರಂತೆ, ಅಂದೆ.

ಹಿಂದಿನ ಹಾಳೆಯೇ ಕೈಕೊಟ್ಟಿದ್ದು.
ಹಲಸೂರು ಕೆರೆ, ದಡದ ಮರ, ನೀರಲ್ಲಿ ಅದೇ ಮರ.
ಹಾಡಿನ ಪಟ್ಟಿ ಮೂಲೆಯಲ್ಲಿ
ಇರುವೆ ಸಾಲಿನಷ್ಟು ಸಣ್ಣಕೆ.
ಸಂಜೆ ಆರೂವರೆಗೆ, ಒಂದೇ ಟ್ಯೂಬ್‌ಲೈಟಿನಲ್ಲಿ
ಯಾವುದು ಮರ, ಯಾವುದು ನೀರು?
ಹನ್ನೆರಡು ತಲೆಕೆಳಗಾಗಿ ಕೂತುಬಿಟ್ಟವು.
ಗೋಂದು ಒಣಗಿದ ಮೇಲೆ ಏನು ಮಾಡಲಿ.

ಒಂದಕ್ಕೆ ಹದಿನೈದು ರೂಪಾಯಿ ಹಿಡಿದರು.
ನೂರಾ ಎಂಬತ್ತು.
ಮೊರದ ಗಿಟಾರಿನವನೇ ಆಟೋದಲ್ಲಿ ಬಂದಿದ್ದ ಒಯ್ಯಲಿಕ್ಕೆ.
ಕಾಕ್ಸ್‌ಟೌನಿನ ಡಡ್ಲಿ, ಬಡಕಲು ಆಳು.
ಉಲ್ಟಾ ಕವರನ್ನು ನೋಡಿದ,
ಅದನ್ನು ತಿರುಗಿಸುವ ಬದಲು ತನ್ನ ಕತ್ತು ತಿರುಗಿಸಿದ.
ಇರ್ಲಿ ಬಿಡ್ರಿ ಅಕ್ಕ, ಕೆರೆ ತಾನೆ, ಅಂದು
ಅವನ್ನೂ ಕಟ್ಟಿಕೊಂಡು ಹೋದ.
ಸಾಹುಕಾರರು ಕೇಳಿಸಿಕೊಂಡರು.
ದುಡ್ಡು ವಾಪಸ್ ಬರಲಿಲ್ಲ.

ಅದಾಗಿ ಎರಡು ವರ್ಷ. ಬಿಲ್‌ಬುಕ್ಕಿನ ಕಟ್ಟು ಕೊಡಲಿಕ್ಕೆ
ಚರ್ಚ್ ಸ್ಟ್ರೀಟಿನ ಅಂಗಡಿಗೆ ಹೋದವಳಿಗೆ
ಗಾಜಿನ ಪೆಟ್ಟಿಗೆಯೊಳಗೆ ಕಂಡಿತು,
ಬೆನ್ನು ತೋರಿಸಿಕೊಂಡು ನಿಂತಿತ್ತು.
ಚೀಟಿಯಲ್ಲಿ ಆರು ಸಾವಿರ.
ಅದು ಉಲ್ಟಾ ಕಾಪಿ ಆಂಟಿ, ಅಂದ ಹುಡುಗ.
ಇಡೀ ಲೋಕದಲ್ಲಿ ಹನ್ನೆರಡೇ ಇರೋದು.
ಗೊತ್ತು, ಅಂದೆ.
ಹೇಗೆ ಅಂತ ಅವನು ಕೇಳಲಿಲ್ಲ.

ಹಾಡು ಹಾಕ್ತೀಯಾ, ಅಂದೆ.
ನೆಟ್ಟಗಿರುವ ಕಾಪಿಯೊಂದನ್ನು ಹಾಕಿದ.
ಮೊದಲು ಹಾಡಲ್ಲ, ಚಿಟಿಚಿಟಿ.
ದಿನದ ಕೊನೆಗೆ ನಲ್ಲಿ ಹತ್ತಿರ ನಿಂತು
ಬೆರಳಿನ ಒಣ ಗೋಂದನ್ನು ಸುಲಿಯುವಾಗ
ಬರುತ್ತಲ್ಲ, ಸರಿಯಾಗಿ ಅದೇ.
ಆಮೇಲೆ ಡೋಲು, ರಸಲ್ ಮಾರ್ಕೆಟ್ಟಿಂದ
ಖಾಲಿ ಜಟಕಾ ಎಳೆದುಕೊಂಡು
ಅವಸರವಿಲ್ಲದ ಕುದುರೆ ಮನೆಗೆ ಹೊರಟ ಹಾಗೆ.
ಅದರ ಮೇಲೆ ಡಡ್ಲಿಯ ತಂತಿ ಜಾರಿತು.
ಅಳು ಅನ್ನಲಾರೆ.
ಅಳುವ ಮುಂಚೆ ಒಬ್ಬರು ಗಂಟಲು ಸರಿಮಾಡಿಕೊಂಡು
ಬೇರೆ ಮಾತು ಎತ್ತುತ್ತಾರಲ್ಲ, ಅದು.

ಟೋಪಿಯವಳು ಇಂಗ್ಲಿಷಿನಲ್ಲಿ ಹಾಡಿದಳು.
ಇಡೀ ಹಾಡಿನಲ್ಲಿ ನನಗೆ ಸಿಕ್ಕ ಮಾತು ಒಂದೇ:
ಶಿವಾಜಿನಗರ.
ಅಲ್ಲಿ ಅವಳ ಬಸ್ಸು ತಪ್ಪಿತೋ,
ಯಾರಾದರೂ ಇಳಿಯಲೇ ಇಲ್ಲವೋ.
ನಾನೂ ಅಲ್ಲಿ ಕಾದಿದ್ದೇನೆ, ಎರಡಕ್ಕೂ.

ಹಾಡು ಮುಗಿದರೂ ತಟ್ಟೆ ತಿರುಗುತ್ತಲೇ ಇತ್ತು,
ಒಳಸುತ್ತಿನಲ್ಲಿ ಮುಳ್ಳು ಟಕ್, ಟಕ್.
ಹುಡುಗ ಫೋನಿನಲ್ಲಿದ್ದ.
ಎತ್ತುವುದು ಹೇಗೆಂದು ನನಗೆ ತಿಳಿಯದು.
ಗಾಜಿಗೆ ಹಣೆ ತಾಗಿಸಿ ಬಗ್ಗಿ ನೋಡಿದೆ,
ಬೆಲೆಯನ್ನಲ್ಲ, ಕೆರೆಯನ್ನಲ್ಲ, ಅಂಚನ್ನು.
ನಾಲ್ಕೂ ಮೂಲೆ.
ಎಲ್ಲೂ ಬಿಟ್ಟುಕೊಂಡಿಲ್ಲ.